ಅವ್ವನ ಫೆಲೋಶಿಪ್‌ಗೆ ಎಡಿನ್‌ಬರ್ಗಿಗೆ: ಬೆಳಗಾವಿಯಿಂದ ಮನೆಮಂದಿಯ ಏಳು ದಿನದ ದಾರಿ

ಎಡಿನ್‌ಬರ್ಗಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಿಂದ ಫೆಲೋಶಿಪ್ ಪತ್ರ ಬಂತೆಂದರೆ ಡಾಕ್ಟರ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ಯಾರ್ಯಾರು ಹೋಗುವುದು? ಪತ್ರ ಅವ್ವನ ಹೆಸರಿಗಿದ್ದರೆ ಅಪ್ಪ, ಅಜ್ಜಿ, ಮಕ್ಕಳು ಎಲ್ಲರೂ ಚೀಲ ಕಟ್ಟುತ್ತಾರೆ. ಕಟ್ಟಲೇಬೇಕು. 1505ರಲ್ಲಿ ಹುಟ್ಟಿದ ಸರ್ಜನ್ನರ ಸಂಸ್ಥೆಯೊಂದು ನಮ್ಮ ಕಡೆಯ ಸರ್ಜನ್ ಒಬ್ಬಳನ್ನು ಸಮಾರಂಭದಲ್ಲಿ ಡಿಪ್ಲೊಮಾ ಕೊಟ್ಟು ತನ್ನ ಸಾಲಿಗೆ ಸೇರಿಸಿಕೊಳ್ಳುವ ಗಳಿಗೆಯನ್ನು ಮನೆಯವರು ಕಣ್ಣಾರೆ ನೋಡುವುದು ದೊಡ್ಡ ಮಾತು.

ಆದರೆ ಬಹಳ ಮನೆಗಳಲ್ಲಿ ಲೆಕ್ಕ ತಪ್ಪುವುದು ಇಲ್ಲೇ. ಹೋಗುತ್ತೇವಂತೂ ಹೌದು, ಮೊದಲು ಲಂಡನ್ ನೋಡಿಬಿಡೋಣ ಎಂದು ಹೊರಟು, ಸಮಾರಂಭದ ಹಿಂದಿನ ರಾತ್ರಿ ಎಡಿನ್‌ಬರ್ಗ್ ಮುಟ್ಟುತ್ತಾರೆ. ಅವ್ವ ಕಾಲು ಬಾತು, ನಿದ್ದೆಗೆಟ್ಟು ವೇದಿಕೆ ಹತ್ತುತ್ತಾಳೆ. ಜೀವಮಾನವೆಲ್ಲ ರಾತ್ರಿ ಕರೆ ಬಂದಾಗ ಎದ್ದು ಓಡಿದವಳಿಗೆ ಆ ಒಂದು ದಿನವಾದರೂ ಪೂರ್ತಿ ನಿದ್ದೆ ಆಗಿರಬೇಕು. ಹಾಗಾಗಿ ಸಮಾರಂಭಕ್ಕೆ ಎರಡು ರಾತ್ರಿ ಮೊದಲೇ ಊರು ಸೇರುವುದು, ನೋಡುವುದನ್ನೆಲ್ಲ ಆಮೇಲೆ ಇಟ್ಟುಕೊಳ್ಳುವುದು. ಸಮಾರಂಭ ಜೂನ್ ತಿಂಗಳ ಒಂದು ಶುಕ್ರವಾರ ಎಂದುಕೊಂಡು ಈ ದಾರಿ ಹಾಕಿದೆ. ಗೌರವ ಅಪ್ಪನದಾದರೂ ಸೀರೆಯ ಮಾತೊಂದು ಬಿಟ್ಟು ಉಳಿದದ್ದೆಲ್ಲ ಇದೇ.

ಮೂರು ತಿಂಗಳ ಮೊದಲು

ಪತ್ರದಲ್ಲಿ ಸಭಾಂಗಣದ ಹೆಸರು, ಅತಿಥಿ ಟಿಕೆಟ್ ಎಷ್ಟು, ಡಿಪ್ಲೊಮಾದ ಮೇಲೆ ಅಚ್ಚಾಗುವ ಹೆಸರು ಯಾವುದು, ಈ ಮೂರನ್ನು ಹುಡುಕಿ. ಅತಿಥಿ ಟಿಕೆಟ್ ಎಣಿಕೆಯವು. ಹೆಚ್ಚಿಗೆ ಬೇಕಾದರೆ ಮೊದಲ ವಾರವೇ ಬರೆದು ಕೇಳಬೇಕು. ಎರಡೇ ಸಿಕ್ಕರೆ ಒಳಗೆ ಯಾರು ಎನ್ನುವುದನ್ನು ಬೆಳಗಾವಿಯಲ್ಲೇ ತೀರ್ಮಾನಿಸಿ, ಬಾಗಿಲ ಮುಂದೆ ಬೇಡ.

ಹೆಚ್ಚು ಕಾಡುವುದು ಹೆಸರು. ಎಂಬಿಬಿಎಸ್ ಸರ್ಟಿಫಿಕೇಟಿನಲ್ಲಿ ತವರಿನ ಅಡ್ಡಹೆಸರು, ಪಾಸ್‌ಪೋರ್ಟಿನಲ್ಲಿ ಗಂಡನ ಮನೆಯದು, ಆಧಾರ್‌ನಲ್ಲಿ ಬರೀ ಇನಿಷಿಯಲ್. ನಮ್ಮ ಕಡೆ ಇದು ಸಾಮಾನ್ಯ. ಡಿಪ್ಲೊಮಾಕ್ಕೆ ಯಾವ ಹೆಸರು ಬೇಕೆಂದು ಅವ್ವ ಮೊದಲೇ ನಿರ್ಧರಿಸಿ ಕಾಲೇಜಿಗೆ ಲಿಖಿತವಾಗಿ ತಿಳಿಸಬೇಕು. ಅಚ್ಚಾದ ಮೇಲೆ ತಿದ್ದಿಸುವುದು ದೊಡ್ಡ ತಲೆನೋವು. ಎರಡು ಹೆಸರೂ ಒಬ್ಬಳದೇ ಎಂದು ತೋರಿಸಲು ಮದುವೆ ನೋಂದಣಿ ಪತ್ರ ಅಥವಾ ಅಫಿಡವಿಟ್ ಜೊತೆಗಿರಲಿ. ಪಾಸ್‌ಪೋರ್ಟನ್ನೇ ಬದಲಿಸುವುದಿದ್ದರೆ ವೀಸಾ ಅರ್ಜಿಗೆ ಮುಂಚೆ ಮುಗಿಸಿ.

ವೀಸಾ ಸ್ಟ್ಯಾಂಡರ್ಡ್ ವಿಸಿಟರ್, ಆರು ತಿಂಗಳದ್ದು. ಹೊರಡುವ ದಿನಕ್ಕೆ ಮೂರು ತಿಂಗಳ ಒಳಗೆ ಮಾತ್ರ ಅರ್ಜಿ ಹಾಕಲು ಬರುತ್ತದೆ. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಕೂಸಿಗೂ ಬೇರೆ ಅರ್ಜಿ, ಬೇರೆ ಶುಲ್ಕ. 2025ರ ಏಪ್ರಿಲ್‌ನಿಂದ ತಲೆಗೆ 127 ಪೌಂಡ್ ಇತ್ತು, ವರ್ಷಕ್ಕೊಮ್ಮೆ ಏರುವ ಅಭ್ಯಾಸವಿರುವುದರಿಂದ ಕಟ್ಟುವ ದಿನದ ದರ ನೋಡಿಕೊಳ್ಳಿ. ಬೆರಳಚ್ಚಿಗೆ ಬೆಂಗಳೂರಿಗೋ ಪುಣೆಗೋ ಹೋಗಬೇಕು, ಎಲ್ಲರಿಗೂ ಒಂದೇ ದಿನದ ಸಮಯ ತೆಗೆದುಕೊಂಡರೆ ಒಂದೇ ಓಡಾಟ. ಆರು ತಿಂಗಳೊಳಗಿನ ಭೇಟಿಗೆ ಟಿಬಿ ಪರೀಕ್ಷೆ ಬೇಡ.

ವೀಸಾ ಬಿದ್ದುಹೋಗುವುದು ಬಹುಪಾಲು ಹಣದ ಕಾಗದದಲ್ಲಿ. ಅರ್ಜಿಗೆ ವಾರ ಮುಂಚೆ ಖಾತೆಗೆ ಐದು ಲಕ್ಷ ತಂದು ಸುರಿದರೆ ಅದು ಎಲ್ಲಿಂದ ಬಂತೆಂಬ ಪ್ರಶ್ನೆ ಏಳುತ್ತದೆ. ಆರು ತಿಂಗಳ ಸ್ಟೇಟ್‌ಮೆಂಟ್ ಇದ್ದದ್ದು ಇದ್ದಂತೆ ಇರಲಿ. ಅಜ್ಜಿಯ ಆದಾಯ ಕಬ್ಬಿನದಾದರೆ ಐಟಿ ರಿಟರ್ನ್ ಇರುವುದಿಲ್ಲ. ಆಗ ಹೊಲದ ಉತಾರ, ಸಕ್ಕರೆ ಕಾರ್ಖಾನೆಯ ಬಿಲ್ಲು, ಆ ಬಿಲ್ಲಿನ ಹಣ ಜಮಾ ಆದ ಬ್ಯಾಂಕಿನ ಪುಟ, ಮೂರನ್ನೂ ಒಟ್ಟಿಗೆ ಇಡಬೇಕು. ಉತಾರ ಕನ್ನಡದಲ್ಲಿರುತ್ತದೆ. ಅದರ ಇಂಗ್ಲಿಷ್ ಅನುವಾದಕ್ಕೆ ಅನುವಾದಕರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ ಬೇಕು. ಬರೀ ಟೈಪ್ ಮಾಡಿದ ಹಾಳೆ ನಡೆಯುವುದಿಲ್ಲ. ಖರ್ಚು ಅವ್ವನದೇ ಆದರೆ ಅವಳ ಒಂದು ಪುಟದ ಪತ್ರ ಪ್ರತಿಯೊಬ್ಬರ ಅರ್ಜಿಗೂ, ಕಾಲೇಜಿನ ಆಹ್ವಾನದ ನಕಲಿನ ಸಂಗಡ ಸೇರಿಸಿ.

ಪ್ರವಾಸ ವಿಮೆಯಲ್ಲಿ ಅಜ್ಜಿಯ ಬಿಪಿ, ಸಕ್ಕರೆ ಕಾಯಿಲೆ ಬರೆಸದೆ ಬಿಡಬೇಡಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರವಾಗುವುದು ಅದೇ ಕಾರಣಕ್ಕೆ. ಸಮಾರಂಭ ಆಗಸ್ಟಿನಲ್ಲಿ ಬಿದ್ದರೆ ವೀಸಾಕ್ಕೂ ಮೊದಲು ರದ್ದು ಮಾಡಲು ಬರುವಂಥ ಕೋಣೆ ಕಾಯ್ದಿರಿಸಿ, ಏಕೆಂದರೆ ಆ ತಿಂಗಳು ಕಲಾ ಉತ್ಸವಗಳಿಂದ ಊರೆಲ್ಲ ತುಂಬಿ ಬಾಡಿಗೆ ಗಗನಕ್ಕೇರಿರುತ್ತದೆ.

ಮಂಗಳವಾರ: ಬೆಳಗಾವಿ–ಬೆಂಗಳೂರು

ಸಾಂಬ್ರಾದಿಂದ ವಿಮಾನ ಇದ್ದರೂ ಈ ಪ್ರವಾಸಕ್ಕೆ ರೈಲೇ ಮೇಲು. ದೇಶದೊಳಗಿನ ವಿಮಾನಕ್ಕೆ ಸಾಮಾನ್ಯವಾಗಿ 15 ಕಿಲೊ ಸಾಮಾನು, ಹೊರದೇಶದ್ದಕ್ಕೆ 23ರಿಂದ 30. ಎರಡೂ ಟಿಕೆಟ್ ಬೇರೆ ಬೇರೆಯಾಗಿದ್ದರೆ ಬೆಳಗಾವಿಯಲ್ಲೇ ಹೆಚ್ಚುವರಿ ಹಣ ಕಟ್ಟಬೇಕು. ಮಳೆಗಾಲದ ಮೋಡಕ್ಕೆ ಆ ವಿಮಾನ ತಡವಾದರೆ ಮುಂದಿನದಕ್ಕೆ ಯಾರೂ ಹೊಣೆಯಲ್ಲ. ವಂದೇ ಭಾರತ್ ನಸುಕಿನಲ್ಲಿ ಬೆಳಗಾವಿ ಬಿಟ್ಟು ಮಧ್ಯಾಹ್ನ ಬೆಂಗಳೂರು ಮುಟ್ಟಿಸುತ್ತದೆ, ವಾರದಲ್ಲಿ ಓಡದ ದಿನ ಯಾವುದೆಂದು ನೋಡಿಕೊಳ್ಳಿ. ವಿಜಯಪುರ, ಬಾಗಲಕೋಟೆಯವರಿಗೆ ಹಿಂದಿನ ರಾತ್ರಿಯ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಅನುಕೂಲ.

ಗಲ್ಫ್ ಕಡೆಯ ವಿಮಾನಗಳು ಹೆಚ್ಚಾಗಿ ನಸುಕಿನ ಮೂರು, ನಾಲ್ಕಕ್ಕೆ. ಟಿಕೆಟ್ಟಿನಲ್ಲಿ ಬುಧವಾರ 3:40 ಎಂದಿದ್ದರೆ ಮಂಗಳವಾರ ರಾತ್ರಿಯೇ ನಿಲ್ದಾಣದಲ್ಲಿರಬೇಕು. ಒಂದು ದಿನ ತಡವಾಗಿ ಹೋಗಿ ವಿಮಾನ ತಪ್ಪಿಸಿಕೊಳ್ಳುವವರು ಈ ತಾರೀಖಿನ ಗೊಂದಲದಲ್ಲೇ ಬೀಳುವುದು. ಅಜ್ಜಿಗೆ ವೀಲ್‌ಚೇರ್ ಬೇಕಿದ್ದರೆ 48 ತಾಸು ಮೊದಲೇ ವಿಮಾನದವರಿಗೆ ತಿಳಿಸಿ.

ಈಗ ತಿನಿಸಿನ ಚೀಲ. ಹಾಲು ಮತ್ತು ಹಾಲಿನಿಂದ ಮಾಡಿದ್ದನ್ನು ಭಾರತದಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲ. ಹಾಗಾಗಿ ಬೆಳಗಾವಿಯ ಕುಂದಾ ಬೇಡ, ಧಾರವಾಡ ಪೇಡೆ ಬೇಡ, ಮನೆಯ ತುಪ್ಪದ ಡಬ್ಬಿ ಬೇಡ. ಅಂಗಡಿಯವರು ಎಷ್ಟು ಚೆಂದ ಪ್ಯಾಕ್ ಮಾಡಿಕೊಟ್ಟರೂ ಕಸ್ಟಮ್ಸ್‌ನಲ್ಲಿ ಸಿಕ್ಕರೆ ಕಸದ ಬುಟ್ಟಿಗೆ. ತುಪ್ಪದಲ್ಲಿ ಹುರಿದ ಕರದಂಟೂ ಅನುಮಾನದ ಪಟ್ಟಿಯದೇ, ಬಿಡುವುದು ಒಳ್ಳೆಯದು. ಮಾಂಸದ ಪದಾರ್ಥಕ್ಕೂ ಇದೇ ನಿಯಮ. ಹಸಿ ಹಣ್ಣು, ಕಾಯಿಪಲ್ಲೆಗೆ ಬಹುತೇಕ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಮಾವಿನಹಣ್ಣಿನ ಆಸೆ ಬಿಡಿ.

ಒಯ್ಯಲು ಬರುವುದು ಸಾಕಷ್ಟಿದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಎಣ್ಣೆಯಲ್ಲಿ ಬೇಯಿಸಿದ ಶೇಂಗಾ ಹೋಳಿಗೆ. ಐದು ಜನಕ್ಕೆ ಐದು ದಿನ ಎಂದರೆ ರೊಟ್ಟಿ ನಲವತ್ತು ಸಾಕು. ಹತ್ತತ್ತು ರೊಟ್ಟಿ ಅಗಲ ಸ್ಟೀಲ್ ಡಬ್ಬಿಯಲ್ಲಿ, ನಡುವೆ ಬಟ್ಟೆ ಹಾಕಿ ಇಟ್ಟರೆ ಮುರಿಯುವುದಿಲ್ಲ. ಹಿಂಡಿ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಏನೆಂದು ಬರೆದು ಅಂಟಿಸಿ. ಉಪ್ಪಿನಕಾಯಿ ಕೈಚೀಲಕ್ಕೆ ಬೇಡ, ಅದರ ಎಣ್ಣೆಯನ್ನು ದ್ರವವೆಂದೇ ಎಣಿಸಿ 100 ಮಿಲಿ ನಿಯಮದಲ್ಲಿ ತಡೆಯುತ್ತಾರೆ.

ಬುಧವಾರ: ಗಲ್ಫ್ ದಾಟಿ ಎಡಿನ್‌ಬರ್ಗ್

ಬೆಂಗಳೂರಿನಿಂದ ಎಡಿನ್‌ಬರ್ಗಿಗೆ ನೇರ ವಿಮಾನ ಇಲ್ಲ. ದೋಹಾ ಇಲ್ಲವೇ ದುಬೈನಲ್ಲಿ ಬದಲಿಸಿ ಸೀದಾ ಎಡಿನ್‌ಬರ್ಗಿನಲ್ಲೇ ಇಳಿಯುವ ಒಂದೇ ಟಿಕೆಟ್ ಎಲ್ಲಕ್ಕಿಂತ ಉತ್ತಮ, ಸಾಮಾನು ಕೊನೆಯವರೆಗೆ ತಾನೇ ಬರುತ್ತದೆ. ಲಂಡನ್‌ನಲ್ಲಿ ಇಳಿದರೆ ಕಿಂಗ್ಸ್ ಕ್ರಾಸ್‌ನಿಂದ ರೈಲು ನಾಲ್ಕೂವರೆ ತಾಸಿನಷ್ಟು. ರಾತ್ರಿಯೆಲ್ಲ ಹಾರಿ ಬಂದವರಿಗೆ ಚೀಲ ಎಳೆದುಕೊಂಡು ಅದು ಹೆಚ್ಚಾಯಿತು.

ಭಾರತದ ಪಾಸ್‌ಪೋರ್ಟಿಗೆ ಅಲ್ಲಿನ ಸ್ವಯಂಚಾಲಿತ ಗೇಟು ತೆರೆಯುವುದಿಲ್ಲ. ಅಧಿಕಾರಿ ಇರುವ ಸಾಲಿಗೇ ಹೋಗಿ, ಮನೆಮಂದಿ ಒಟ್ಟಿಗೆ ನಿಲ್ಲಿ. ಏಕೆ ಬಂದಿರಿ, ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ ಎಂದು ಕೇಳುತ್ತಾರೆ. ಆಹ್ವಾನ ಪತ್ರದ ಮೂಲ ಅವ್ವನ ಕೈಚೀಲದಲ್ಲಿರಲಿ, ಲಗೇಜಿನಲ್ಲಿ ಅಲ್ಲ. ಸಮಾರಂಭದ ಸೀರೆಯೂ ಕೈಚೀಲದಲ್ಲೇ. ಲಗೇಜು ಒಂದು ದಿನ ತಡವಾಗಿ ಬಂದರೂ ಶುಕ್ರವಾರ ಕೆಡುವುದಿಲ್ಲ.

ನಿಲ್ದಾಣದಿಂದ ಟ್ರಾಮ್ ಅರ್ಧ ತಾಸಿನ ಮೇಲೆ ಸ್ವಲ್ಪ ಹೊತ್ತಿನಲ್ಲಿ ಪ್ರಿನ್ಸಸ್ ಸ್ಟ್ರೀಟ್ ಸೇರಿಸುತ್ತದೆ. ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನಲ್ಲೇ ಟಿಕೆಟ್ ತೆಗೆಯಬೇಕು. ಉಳಿಯಲು ಅಡುಗೆಮನೆ ಇರುವ ಮನೆ ಹಿಡಿದಿದ್ದರೆ ಲಿಫ್ಟ್ ಉಂಟೋ ಎಂದು ಮೊದಲೇ ಕೇಳಿರಬೇಕು. ಹಳೆ ಊರಿನ ಕಲ್ಲಿನ ಕಟ್ಟಡಗಳಲ್ಲಿ ಮೂರನೇ ಮಹಡಿಗೆ ಸುತ್ತುಮೆಟ್ಟಿಲೇ ಗತಿ. ಒಲೆ ಇಂಡಕ್ಷನ್ ಆಗಿದ್ದರೆ ಮನೆಯಿಂದ ಒಯ್ದ ಅಲ್ಯೂಮಿನಿಯಂ ಕುಕ್ಕರ್ ಬಿಸಿಯಾಗುವುದಿಲ್ಲ, ಆಯಸ್ಕಾಂತ ಅಂಟುವ ತಳ ಬೇಕು. ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆಗೆ ಹೊಗೆ ಅಲಾರಾಂ ಕೂಗಿ ಕಟ್ಟಡವೇ ಎದ್ದು ಕೂತದ್ದುಂಟು. ಅಡುಗೆಮನೆಯ ಬಾಗಿಲು ಹಾಕಿ, ಫ್ಯಾನ್ ಹಚ್ಚಿ, ಸಣ್ಣ ಉರಿಯಲ್ಲಿ ಮಾಡಿ. ಅಲಾರಾಂಗೆ ಬಟ್ಟೆ ಮುಚ್ಚುವ ಕೆಲಸ ಮಾತ್ರ ಮಾಡಬೇಡಿ. ಪ್ಲಗ್ಗು ಮೂರು ಚಪ್ಪಟೆ ಕಡ್ಡಿಯದು, ಎರಡು ಅಡಾಪ್ಟರ್ ಬೇಕು. ನಲ್ಲಿ ನೀರು ಕುಡಿಯಬಹುದು. ಬಚ್ಚಲಲ್ಲಿ ತಂಬಿಗೆ ಇರುವುದಿಲ್ಲ, ಹಗುರದ ಪ್ಲಾಸ್ಟಿಕ್ ಮಗ್ಗು ಒಯ್ಯಿರಿ.

ಜೂನ್‌ನಲ್ಲಿ ಅಲ್ಲಿ ಹೊತ್ತು ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಬೆಳಕಿದೆ ಎಂದು ತಿರುಗಾಡಬೇಡಿ. ನಮ್ಮ ಗಡಿಯಾರ ನಾಲ್ಕೂವರೆ ತಾಸು ಮುಂದೆ, ಅಲ್ಲಿನ ಒಂಬತ್ತಕ್ಕೆ ಅವ್ವನ ದೇಹದಲ್ಲಿ ರಾತ್ರಿ ಒಂದೂವರೆ. ಪರದೆ ಎಳೆದು ಮಲಗಿಸಿ.

ಗುರುವಾರ: ಸುಮ್ಮನಿರುವ ದಿನ, ಒಂದು ನಡಿಗೆ

ಬೆಳಗ್ಗೆ ಏನೂ ಬೇಡ. ಮಧ್ಯಾಹ್ನದ ಮೇಲೆ ಉಳಿದ ಮನೆಯಿಂದ ಸಭಾಂಗಣಕ್ಕೆ ಒಮ್ಮೆ ನಡೆದು ಗಡಿಯಾರ ನೋಡಿಕೊಳ್ಳಿ. ಕಾಲೇಜು ಇರುವುದು ನಿಕಲ್ಸನ್ ಸ್ಟ್ರೀಟಿನಲ್ಲಿ. ಸಮಾರಂಭದ ಸಭಾಂಗಣ ಬೇರೆ ಕಟ್ಟಡದಲ್ಲೂ ಇರಬಹುದು, ಪತ್ರದ ವಿಳಾಸವೇ ಅಂತಿಮ. ವೇವರ್ಲಿ ರೈಲು ನಿಲ್ದಾಣದಿಂದ ನಾರ್ತ್ ಬ್ರಿಜ್, ಸೌತ್ ಬ್ರಿಜ್ ದಾಟಿ ಒಂದು ಕಿಲೊಮೀಟರಿನಷ್ಟು, ಏರು ದಾರಿ. ಸೇತುವೆಯ ಮೇಲಿನ ಗಾಳಿಗೆ ಕೊಡೆ ತಿರುವುಮುರುವಾಗುತ್ತದೆ, ಟೋಪಿ ಇರುವ ರೇನ್‌ಕೋಟೇ ಸರಿ. ಹಳೆ ಬೀದಿಗಳ ಕಲ್ಲುಹಾಸಿನಲ್ಲಿ ಹೀಲ್ಸ್ ಸಿಕ್ಕಿಕೊಳ್ಳುತ್ತದೆ. ಅಜ್ಜಿಗೆ ಕರಿ ಟ್ಯಾಕ್ಸಿ ಒಳ್ಳೆಯದು, ವೀಲ್‌ಚೇರ್ ಹಾಗೇ ಒಳಗೆ ಹೋಗುತ್ತದೆ.

ಕಾಲೇಜಿನದೇ ಆದ ಸರ್ಜನ್ಸ್ ಹಾಲ್ ಎದುರು ಸ್ವಲ್ಪ ನಿಲ್ಲಿ. ವಿಲಿಯಂ ಪ್ಲೇಫೇರ್ ವಿನ್ಯಾಸ ಮಾಡಿದ ಈ ಕಂಬಗಳ ಕಟ್ಟಡ 1832ರದು. 1870ರ ನವೆಂಬರ್ 18ರಂದು ಸೋಫಿಯಾ ಜೆಕ್ಸ್-ಬ್ಲೇಕ್ ಮತ್ತು ಜೊತೆಯ ವಿದ್ಯಾರ್ಥಿನಿಯರು ಅಂಗರಚನಾಶಾಸ್ತ್ರದ ಪರೀಕ್ಷೆಗೆ ಇಲ್ಲಿಗೆ ಬಂದಾಗ ನೂರಾರು ಗಂಡಸರು ದಾರಿ ಕಟ್ಟಿದರು, ಕೆಸರು ಎರಚಿದರು, ಮುಖಕ್ಕೆ ಹೊಡೆದಂತೆ ಗೇಟು ಮುಚ್ಚಿದರು. ಪರೀಕ್ಷೆ ನಡೆದಾಗ ಕುರಿಯೊಂದನ್ನು ಒಳಗೆ ನೂಕಿದರು. ಹೆಣ್ಣುಮಕ್ಕಳು ಬರೆದೇ ಎದ್ದರು. ಆದರೂ ವಿಶ್ವವಿದ್ಯಾಲಯ ಅವರಿಗೆ ಪದವಿ ಕೊಡಲಿಲ್ಲ. ಎಡಿನ್‌ಬರ್ಗಿನ ಏಳು ಮಂದಿ ಎಂದೇ ಹೆಸರಾದ ಆ ವಿದ್ಯಾರ್ಥಿನಿಯರಿಗೆ ಮರಣೋತ್ತರ ಪದವಿ ಸಿಕ್ಕಿದ್ದು 2019ರಲ್ಲಿ.

ಆ ಏಳರಲ್ಲಿ ಒಬ್ಬಳಾದ ಎಡಿತ್ ಪೀಚಿ 1883ರಲ್ಲಿ ಮುಂಬೈಗೆ ಬಂದಳು, ಕಾಮಾ ಆಸ್ಪತ್ರೆಯಲ್ಲಿ ದುಡಿದಳು. ಬಾಲ್ಯವಿವಾಹದ ಮೊಕದ್ದಮೆಯಲ್ಲಿ ದೇಶವೇ ಮಾತಾಡಿದ ರುಖಮಾಬಾಯಿಗೆ ಡಾಕ್ಟರಿಕೆ ಓದಲು ಬೆನ್ನಿಗೆ ನಿಂತವಳು ಅವಳೇ. ಬಂಗಾಳದ ಕಾದಂಬಿನಿ ಗಂಗೂಲಿ 1893ರಲ್ಲಿ ಸ್ಕಾಟ್ಲೆಂಡಿನ ಮೂರು ಕಾಲೇಜುಗಳ ಅರ್ಹತೆಯನ್ನು ಇಲ್ಲಿಂದಲೇ ಪಡೆದು ಹೋದಳು. ಈ ಕಾಲೇಜಿಗೆ ಮೊದಲ ಮಹಿಳಾ ಫೆಲೋ ಬಂದದ್ದು 1920ರಲ್ಲಿ, ಆಲಿಸ್ ಹೆಡ್‌ವರ್ಡ್ಸ್-ಹಂಟರ್. ಮಕ್ಕಳಿಗೆ ಇದನ್ನು ಗುರುವಾರವೇ ಹೇಳಿ. ಮರುದಿನ ಅಜ್ಜಿ-ಅವ್ವ-ಮಗಳು ಮೂವರೂ ಅಲ್ಲಿ ನಿಂತಾಗ ಆ ಗೌರವದ ತೂಕ ಅವರಿಗೆ ಗೊತ್ತಿರುತ್ತದೆ.

ಶುಕ್ರವಾರ: ಸಮಾರಂಭ

ಸೀರೆ ಇಳಕಲ್ ಆದರೆ ಬಲು ಅನುಕೂಲ, ಹಗುರ, ನೆರಿಗೆ ನಿಲ್ಲುತ್ತದೆ. ಗುಳೇದಗುಡ್ಡದ ಖಣದ ಕುಪ್ಪಸ, ತೋಳು ಉದ್ದವಿರಲಿ. ಜೂನ್‌ನಲ್ಲೂ ಹಗಲಿನ ಉಷ್ಣಾಂಶ 17 ಡಿಗ್ರಿಯ ಆಸುಪಾಸು, ಒಳಗೆ ತೆಳುವಾದ ಥರ್ಮಲ್ ಹಾಕಬಹುದು.

ತೊಂದರೆ ಬರುವುದು ನಿಲುವಂಗಿ ಹಾಕಿದಾಗ. ಅದು ಕೋಟು, ಶರ್ಟಿನವರಿಗೆ ಹೊಲಿದದ್ದು. ನಿಲುವಂಗಿಯ ಮೇಲೆ ಬೆನ್ನಿಗೆ ಇಳಿಬಿಡುವ ಹುಡ್ಡು ಇದ್ದರೆ ಅದರ ಮುಂಭಾಗದ ಸಣ್ಣ ಕುಣಿಕೆಯನ್ನು ಶರ್ಟಿನ ಗುಂಡಿಗೆ ಸಿಕ್ಕಿಸುತ್ತಾರೆ, ಕುಪ್ಪಸಕ್ಕೆ ಆ ಗುಂಡಿ ಇಲ್ಲ. ಹಾಗೇ ಬಿಟ್ಟರೆ ಹುಡ್ಡು ಹಿಂದಕ್ಕೆ ಜಾರಿ ಗಂಟಲು ಒತ್ತುತ್ತದೆ. ಖಣದ ಮೇಲೆ ಎದೆಯ ನಡುವೆ ಒಂದು ಸಣ್ಣ ಗುಂಡಿಯನ್ನು ಬೆಳಗಾವಿಯಲ್ಲೇ ಹೊಲಿಸಿಕೊಂಡು ಹೋಗಿ, ಇಲ್ಲವೇ ಎರಡು ಹೆಗಲಿಗೂ ಒಳಗಿನಿಂದ ಸೇಫ್ಟಿ ಪಿನ್ ಹಾಕಿ. ರೇಷ್ಮೆ ಸೆರಗಿನ ಮೇಲೆ ನಿಲುವಂಗಿ ಜಾರುವುದರಿಂದ ಸೆರಗನ್ನು ನಾಲ್ಕು ಬೆರಳಗಲ ಮಡಿಸಿ ಹೆಗಲಿಗೆ ಎರಡು ಕಡೆ ಪಿನ್ ಮಾಡಬೇಕು. ಹಿಂದೆ ಸೆರಗು ಮೊಣಕಾಲಿಗಿಂತ ಕೆಳಗಿಳಿದರೆ ಮೆಟ್ಟಿಲು ಹತ್ತುವಾಗ ಕಾಲಿಗೆ ಸಿಗುತ್ತದೆ. ಹನ್ನೆರಡು ಪಿನ್ನು ಇಟ್ಟುಕೊಳ್ಳಿ. ನಿಲುವಂಗಿ ಹಾಕಿದ ಮೇಲೆ ತೋಪು ತೆನಿ ಸೆರಗು ಪೂರ್ತಿ ಮುಚ್ಚಿಹೋಗುತ್ತದೆ. ಹಾಗಾಗಿ ಸೀರೆಯ ಫೋಟೊ ಬೆಳಗ್ಗೆಯೇ, ನಿಲುವಂಗಿಗೆ ಮುಂಚೆ.

ಪತ್ರದಲ್ಲಿ ಹೇಳಿದ ಸಮಯಕ್ಕಿಂತ ಅರ್ಧ ತಾಸು ಮೊದಲೇ ತಲುಪಿ. ಗುರುತಿನ ಪತ್ರವೆಂದು ಪಾಸ್‌ಪೋರ್ಟ್ ಕೈಯಲ್ಲಿರಲಿ. ಹೆಸರು ನೋಂದಣಿ, ನಿಲುವಂಗಿ, ಕೂರುವ ಕ್ರಮದ ಸೂಚನೆ, ಆಮೇಲೆ ಸಭೆ. ಹೆಸರು ಕೂಗುವವರಿಗೆ ನಮ್ಮ ಅಡ್ಡಹೆಸರುಗಳು ಕಠಿಣ. ಹಿರೇಮಠ, ಕುಲಕರ್ಣಿ, ಪಟ್ಟಣಶೆಟ್ಟಿ ಎನ್ನುವವು ಅಲ್ಲಿ ಬೇರೆಯೇ ಆಗಿಬಿಡುತ್ತವೆ. ಚೀಟಿಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ತುಂಡು ತುಂಡಾಗಿ, ಒತ್ತು ಎಲ್ಲಿ ಎಂದು ಗೆರೆ ಎಳೆದು ನೋಂದಣಿಯವರ ಕೈಗೆ ಕೊಡಿ, ಒಮ್ಮೆ ಹೇಳಿ ಕೇಳಿಸಿ. ತನ್ನ ಹೆಸರು ಸರಿಯಾಗಿ ಕೇಳುವ ಹಕ್ಕು ಅವ್ವನಿಗಿದೆ.

ವೇದಿಕೆಯ ಮೇಲೆ ಅವಳಿಗೆ ಸಿಗುವುದು ಅರ್ಧ ನಿಮಿಷವೂ ಇಲ್ಲ. ಆಗ ಮೊಬೈಲ್ ಎತ್ತಿ ಹುಡುಕಾಡುವವರು ಆ ಕ್ಷಣವನ್ನೇ ಕಳೆದುಕೊಳ್ಳುತ್ತಾರೆ. ಕಾಲೇಜಿನ ಛಾಯಾಗ್ರಾಹಕರ ಚಿತ್ರ ಆಮೇಲೆ ಕೊಳ್ಳಲು ಬರುತ್ತದೆ. ಒಬ್ಬರು ಮಾತ್ರ ವಿಡಿಯೊ ಮಾಡಲಿ, ಉಳಿದವರು ಕಣ್ಣಿಂದ ನೋಡಿ, ಕೈತುಂಬ ಚಪ್ಪಾಳೆ ಹೊಡೆಯಲಿ.

ಊರಿಗೆ ವಿಡಿಯೊ ಕರೆ ಮಾಡಲು ಅಲ್ಲಿನ ಮಧ್ಯಾಹ್ನ ಎರಡು ಸರಿಯಾದ ಹೊತ್ತು, ಬೆಳಗಾವಿಯಲ್ಲಿ ಸಂಜೆ ಆರೂವರೆ. ರಾತ್ರಿ ಊಟಕ್ಕೆ ಹೊರಗೆ ಹೋಗುವುದಾದರೆ ಮೇಜು ವಾರ ಮುಂಚೆ ಕಾಯ್ದಿರಿಸಿ. ಸಸ್ಯಾಹಾರಿಗಳೆಂದರೆ ಮೊಟ್ಟೆ, ಮೀನೂ ಇಲ್ಲ ಎಂದು ಬಿಡಿಸಿ ಹೇಳಿ. ಬೇಳೆ, ಓಟ್ಸ್ ಹಾಕಿದ ಸಸ್ಯಾಹಾರಿ ಹ್ಯಾಗಿಸ್ ಎಂಬ ಸ್ಕಾಟ್ಲೆಂಡಿನ ತಿನಿಸು ಅಲ್ಲಿ ಸುಲಭವಾಗಿ ಸಿಗುತ್ತದೆ, ಮೆಣಸಿನ ಖಾರ ಇರುವುದರಿಂದ ನಮ್ಮ ನಾಲಗೆಗೂ ಹಿಡಿಸುತ್ತದೆ.

ಶನಿವಾರ: ಕೋಟೆ

ಕೋಟೆಗೆ ಸಮಯ ಗೊತ್ತುಮಾಡಿದ ಟಿಕೆಟ್ ಮೊದಲೇ ತೆಗೆಯಿರಿ. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ತೋಪು ಹಾರುತ್ತದೆ, ಭಾನುವಾರ ಇಲ್ಲ, ಅದಕ್ಕೇ ಶನಿವಾರ. ವಿಜಯಪುರದವರು ಮಾನ್ಸ್ ಮೆಗ್ ತೋಪನ್ನು ಬಿಡದೆ ನೋಡಬೇಕು. ಅದು 1449ರದು, ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಸುತ್ತ ಬಳೆ ಬಿಗಿದು ಮಾಡಿದ್ದು, ತೂಕ ಆರು ಟನ್ನಿನ ಮೇಲೆ. ನಮ್ಮ ಮಲಿಕ್-ಎ-ಮೈದಾನ್ 1549ರದು, ಅಹಮದ್‌ನಗರದಲ್ಲಿ ಎರಕ ಹೊಯ್ದ ಕಂಚು, ತೂಕ 55 ಟನ್ ಎನ್ನುತ್ತಾರೆ. ನೂರು ವರ್ಷದ ಅಂತರದಲ್ಲಿ ತೋಪು ಮಾಡುವ ಎರಡು ಬೇರೆ ವಿದ್ಯೆ. ಎರಡನ್ನೂ ನೋಡಿದ ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಭಾನುವಾರ: ಅವ್ವನ ದಿನ

ಈ ದಿನ ದಾರಿ ಅವ್ವ ಹೇಳಲಿ. ಬಹುಶಃ ಅವಳು ಸರ್ಜನ್ಸ್ ಹಾಲ್ ಮ್ಯೂಸಿಯಂ ಎನ್ನುತ್ತಾಳೆ. ಹಳೆಯ ಶಸ್ತ್ರಚಿಕಿತ್ಸೆಯ ಉಪಕರಣ, ಜಾಡಿಗಳಲ್ಲಿಟ್ಟ ದೇಹಭಾಗಗಳು, 1828ರಲ್ಲಿ ಹೆಣ ಮಾರಲು 16 ಕೊಲೆ ಮಾಡಿದ ಬರ್ಕ್‌ನ ಚರ್ಮದಿಂದ ಹೊಲಿದ ಪುಸ್ತಕದ ಹೊದಿಕೆ ಅಲ್ಲಿವೆ. ಸಣ್ಣ ಮಕ್ಕಳನ್ನು ಅಪ್ಪನ ಜೊತೆ ಚೇಂಬರ್ಸ್ ಸ್ಟ್ರೀಟಿನ ರಾಷ್ಟ್ರೀಯ ಮ್ಯೂಸಿಯಂಗೆ ಕಳಿಸಿ, ಅಲ್ಲಿ ಪ್ರವೇಶ ಉಚಿತ. ಸಂಜೆ ಕ್ವೀನ್ ಸ್ಟ್ರೀಟ್. 52ನೇ ನಂಬರಿನ ಮನೆಯಲ್ಲಿ 1847ರ ನವೆಂಬರ್‌ನಲ್ಲಿ ಜೇಮ್ಸ್ ಯಂಗ್ ಸಿಂಪ್ಸನ್ ತಾನೂ ಸ್ನೇಹಿತರೂ ಕ್ಲೋರೋಫಾರ್ಮ್ ಮೂಸಿ ನೋಡಿದ್ದು, ಹೆರಿಗೆಯ ನೋವಿಗೆ ಅದನ್ನು ಕೊಡಲು ಶುರುಮಾಡಿದ್ದು. ಅದೇ ಬೀದಿಯಲ್ಲಿ 1681ರ ಫಿಸಿಷಿಯನ್ಸ್ ಕಾಲೇಜೂ ಇದೆ.

ಸೋಮವಾರ: ಮರಳುವುದು

ಸ್ಕಾಟ್ಲೆಂಡಿನ ಬ್ಯಾಂಕುಗಳು ಅಚ್ಚು ಹಾಕಿದ ಪೌಂಡ್ ನೋಟನ್ನು ನಮ್ಮಲ್ಲಿ ಬದಲಿಸಿಕೊಳ್ಳುವವರು ಸಿಗುವುದು ಕಷ್ಟ, ಅಲ್ಲೇ ಖರ್ಚು ಮಾಡಿ. ಪ್ರವಾಸಿಗಳಿಗೆ ತೆರಿಗೆ ಮರಳಿಸುವ ಪದ್ಧತಿ 2021ರಿಂದ ಅಲ್ಲಿ ಇಲ್ಲ, ಬಿಲ್ಲು ಹಿಡಿದು ಕೌಂಟರ್ ಹುಡುಕಬೇಡಿ.

ಡಿಪ್ಲೊಮಾವನ್ನು ಗಟ್ಟಿ ಕೊಳವೆಯಲ್ಲಿ ಇಲ್ಲವೇ ಎರಡು ರಟ್ಟಿನ ನಡುವೆ ಇಟ್ಟು ಕೈಯಲ್ಲೇ ತನ್ನಿ, ಲಗೇಜಿಗೆ ಹಾಕಬೇಡಿ. ಹೊರಡುವ ಮೊದಲು ಹೆಸರಿನ ಅಕ್ಷರ, ತಾರೀಖು ಓದಿ ನೋಡಿ ಎರಡೂ ಬದಿ ಸ್ಕ್ಯಾನ್ ಮಾಡಿಕೊಳ್ಳಿ. ಬೆಳಗಾವಿಗೆ ಬಂದ ಮೇಲೆ ಫ್ರೇಮ್ ಹಾಕಿಸುವಾಗ ಲ್ಯಾಮಿನೇಶನ್ ಬೇಡವೇ ಬೇಡ. ಬಿಸಿಗೆ ಶಾಯಿ, ಮುದ್ರೆ ಹಾಳಾಗುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ಗಾಜಿಗೂ ಕಾಗದಕ್ಕೂ ನಡುವೆ ರಟ್ಟಿನ ಅಂಚು ಕೊಡಿಸಿ. ಮಳೆಗಾಲದ ತೇವಕ್ಕೆ ಕಾಗದ ಗಾಜಿಗೆ ಅಂಟಿಕೊಳ್ಳದಂತೆ ಅದು ತಡೆಯುತ್ತದೆ. ತೂಗುಹಾಕುವುದು ಬಿಸಿಲು ಬೀಳದ ಒಳಗೋಡೆಗೆ. ಕ್ಲಿನಿಕ್ಕಿನಲ್ಲಿ ಬೇಕೆಂದರೆ ಸ್ಕ್ಯಾನಿನ ಬಣ್ಣದ ನಕಲು ಸಾಕು.